ಬಾಗಿಲಿನ ಸಂದಿಯ ಬೈರಾಸು

“ಬಾಗಿಲಿನ ಸಂದಿಗೆ ಬಟ್ಟೆ ತುರುಕಿದ್ರೆ ಎಂತ ಆಗ್ತದೆ ಸಿಸ್ಟರ್?” ಹಿಂದಿನ ಬೆಂಚಿನಿಂದ ತನಿಯಪ್ಪ ಎದ್ದು ನಿಂತು ಕೇಳಿದ. ಚಳಿಗೆ ಕೋಣೆಯೊಳಗೆ ಇದ್ದಿಲು ಉರಿಸುವುದರ ಬಗ್ಗೆ ನರ್ಸ್ ಕ್ಲಾರಿಸ್ಸಾ ಹೇಳುತ್ತಿದ್ದಳು. ಕೊಲ್ಲಿ ದೇಶದ ಫಹಾಹೀಲ್ ಪಟ್ಟಣದಲ್ಲಿ, ಊರಿನಿಂದ ದುಡಿಯಲು ಬಂದವರಿಗೆ ಶುಕ್ರವಾರ ಮಧ್ಯಾಹ್ನ ಅವಳು ನಡೆಸುವ ವಿಜ್ಞಾನದ ಪಾಠವನ್ನು ಐವತ್ತೆಂಟರ ತನಿಯಪ್ಪ ಒಮ್ಮೆಯೂ ತಪ್ಪಿಸಿದವನಲ್ಲ.

“ತುರುಕಲೇಬಾರದು ತನಿಯಪ್ಪಣ್ಣ. ಆ ವಿಷಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೊರಗೆ ಹೋಗ್ಲಿಕ್ಕೆ ದಾರಿ ಇಲ್ಲದಿದ್ರೆ ಮಲಗಿದವರು ಮತ್ತೆ ಏಳುದಿಲ್ಲ.”

ಹೋದ ಚಳಿಗಾಲದಲ್ಲಿ, ವಫ್ರಾದ ತೋಟದ ಕೆಲಸಗಾರರ ಕೋಣೆಯಲ್ಲಿ ತನಿಯಪ್ಪನ ತಂಗಿಯ ಮಗ ಅಖಿಲ್ ಜ್ವರದಿಂದ ನಡುಗುತ್ತಿದ್ದ. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ತನಿಯಪ್ಪ ಅವನ ಪಕ್ಕದಲ್ಲಿ ಡಬ್ಬಿಯ ತುಂಬ ಇದ್ದಿಲು ಹೊತ್ತಿಸಿ, ಬಾಗಿಲೆಳೆದು, ಥಂಡಿಗಾಳಿ ಒಳಗೆ ನುಗ್ಗದಂತೆ ಹೆಗಲ ಮೇಲಿನ ಮೈ ಒರೆಸುವ ಬೈರಾಸನ್ನು ಸಂದಿಗೆ ಒತ್ತಿ ಒತ್ತಿ ತುರುಕಿದ್ದ. ಸಂಜೆ ಮರಳಿದಾಗ ಹುಡುಗ ಏಳಲಿಲ್ಲ; ಜ್ವರ ತಲೆಗೇರಿ ತೀರಿಹೋದನೆಂದು ಊರಿಗೆ ಫೋನು ಮಾಡಿದವನೂ ತನಿಯಪ್ಪನೇ.

ಪಾಠ ಮುಗಿಯುವ ಹೊತ್ತಿಗೆ ಎಂದಿನಂತೆ ತಂಗಿ ಪುಷ್ಪಾವತಿಯ ಫೋನು ಬಂತು. ಅಣ್ಣ ಕಲಿತದ್ದನ್ನೆಲ್ಲ ಕೇಳಿಸಿಕೊಳ್ಳುವುದು, ಮಗ ಹೋದ ಮೇಲೆ ಅವಳಿಗೆ ಉಳಿದಿದ್ದ ಒಂದೇ ಸಮಾಧಾನ. ತನಿಯಪ್ಪ ಫೋನನ್ನು ಕಿವಿಗಿಟ್ಟುಕೊಂಡ.

“ಇವತ್ತು ಎಂತ ಕಲಿಸಿದ್ರು ಅಣ್ಣ?”