ಪರೀಕ್ಷೆಗೆ ಕೊಟ್ಟ ನೀರು

ನೀರಿನ ಕಚೇರಿಯ ಇಂಜಿನಿಯರ್ ಮೋಹನ್ ಬೆಳಗ್ಗೆ ಆರೂವರೆಗೇ ಬಂದು, ದಾಕ್ಷಾಯಣಮ್ಮನವರ ಜಗಲಿಯ ಮೇಲೆ ಕೂತು, ಪ್ರಯೋಗಾಲಯದ ವರದಿಯನ್ನು ಓದಿ ಹೇಳಿದರು. ಜಯಲಕ್ಷ್ಮಿಪುರಂನಿಂದ ಆಚೆಗಿರುವ ಈ ಅಡ್ಡರಸ್ತೆಯ ನೀರಿನಲ್ಲಿ ಒಂದೇ ಒಂದು ಕ್ರಿಮಿಯೂ ಇಲ್ಲ, ಬಣ್ಣ ಇಲ್ಲ, ವಾಸನೆ ಇಲ್ಲ. ಇಂಥ ನೀರು ತಮ್ಮ ಸ್ವಂತ ಮನೆಗೂ ಬರುವುದಿಲ್ಲ ಎಂದು ಬೇರೆ ಸೇರಿಸಿದರು. ದಾಕ್ಷಾಯಣಮ್ಮನವರಿಗೆ ಹಿಗ್ಗೋ ಹಿಗ್ಗು. ಪರೀಕ್ಷೆಗೆ ಆ ನೀರು ತುಂಬಿ ಕೊಟ್ಟವರು ಅವರೇ ತಾನೆ.

ಗೇಟಿಗೆ ಒರಗಿ ನಿಂತಿದ್ದ ಪಕ್ಕದ ಮನೆಯ ಕುಸುಮಳಿಗೆ ಹಿಗ್ಗಲು ಏನೂ ಇರಲಿಲ್ಲ. ಅವಳ ಆರು ವರ್ಷದ ಮಗಳು ಲಾಸ್ಯ ಕಾಮಾಲೆಯಾಗಿ ಆಸ್ಪತ್ರೆ ಸೇರಿ ಒಂಬತ್ತು ದಿನವಾಗಿತ್ತು. ನೀರು ಹಿಡಿದಿಟ್ಟು ಹೋಗೋಣವೆಂದು ಈಗ ಒಂದು ಗಳಿಗೆ ಮನೆಗೆ ಬಂದಿದ್ದಳು. ಚರಂಡಿ ನೀರು ಕುಡಿಯುವ ನೀರಿನ ಪೈಪಿಗೆ ಸೇರುತ್ತಿದೆ, ರಸ್ತೆ ಅಗೆದು ನೋಡಿ ಎಂದು ಕಚೇರಿಗೆ ಅರ್ಜಿ ಕೊಟ್ಟವಳೂ ಅವಳೇ. ಬೀದಿಯಲ್ಲಿ ಇನ್ನೂ ಎರಡು ಮಕ್ಕಳಿಗೆ ವಾಂತಿ ಶುರುವಾಗಿತ್ತು.

ಇನ್ನು ಅಗೆಯುವ ಮಾತಿಲ್ಲ, ಅರ್ಜಿ ಮುಗಿದ ಹಾಗೆ ಎಂದರು ಮೋಹನ್. ಅಷ್ಟಕ್ಕೇ ಎದ್ದು ಹೋಗಿದ್ದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಕೆಲವರಿಗೆ ಹೋಗುವ ಮುನ್ನ ಒಂದಿಷ್ಟು ಬುದ್ಧಿ ಹೇಳದಿದ್ದರೆ ತಿಂದದ್ದು ಅರಗುವುದಿಲ್ಲ.

"ನೀರಲ್ಲಿ ಏನೂ ಇಲ್ಲಮ್ಮ. ಮನೇಲಿ ಮಗೂಗೆ ಏನು ಕೊಡ್ತೀರಿ, ಪಾತ್ರೆ ಹೇಗೆ ತೊಳೀತೀರಿ, ಅದನ್ನ ಸ್ವಲ್ಪ ನೋಡ್ಕೊಳ್ಳಿ."

ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವಾಗ ಮಗುವಿನ ಕೈ ಹಿಡಿದು ಗಟ್ಟಿಯಾಗಿ ಕೂತಿದ್ದ ಕುಸುಮ ಈಗ ಸೆರಗಿನಿಂದ ಮುಖ ಮುಚ್ಚಿಕೊಂಡು ಬಿಕ್ಕಿದಳು. ದಾಕ್ಷಾಯಣಮ್ಮನವರ ಹಿಗ್ಗೆಲ್ಲ ಜರ್ರನೆ ಇಳಿದುಹೋಯಿತು. ನಡೆದದ್ದು ಏನೆಂಬುದು ಅವರಿಗೆ ಆಗಲೇ ಹೊಳೆದದ್ದು.

ಈ ಮನೆಯ ಪದ್ಧತಿ ಬೀದಿಗೆಲ್ಲ ಗೊತ್ತು. ಸೋಮವಾರ ಬರುವ ಮಠದ ಅಯ್ಯನವರಿಂದ ಹಿಡಿದು ಗ್ಯಾಸ್ ಸಿಲಿಂಡರ್ ಹೊತ್ತು ತರುವವರ ತನಕ, ಯಾರೇ ಬರಲಿ, ಮೊದಲು ಒಂದು ಚೂರು ಬೆಲ್ಲ, ಒಂದು ಲೋಟ ನೀರು. ಆ ನೀರಾದರೂ ಎಂಥದ್ದು? ಕುದಿಸಿ, ಆರಿಸಿ, ಬಿಳಿ ಪಂಚೆಯ ಬಟ್ಟೆಯಲ್ಲಿ ಸೋಸಿ, ಒಂದು ರಾತ್ರಿ ತಾಮ್ರದ ಬಿಂದಿಗೆಯಲ್ಲಿ ಇಟ್ಟದ್ದು. ನಲ್ಲಿಯಲ್ಲಿ ಬಂದದ್ದನ್ನು ಹಾಗೇ ಕೊಡುವುದೆಂದರೆ ದಾಕ್ಷಾಯಣಮ್ಮನವರ ಪಾಲಿಗೆ ಮರ್ಯಾದೆಗೇಡು. ಹೋದ ವಾರ ಕಚೇರಿಯವರು ಬೀದಿಗೆ ಹಿರಿಯರೆಂದು ಅವರ ಕೈಗೇ ಬಾಟಲಿ ಕೊಟ್ಟು, ನಿಮ್ಮ ಮನೆ ನೀರು ತುಂಬಿಸಿಡಿ, ನಾಳೆ ಬಂದು ಒಯ್ಯುತ್ತೇವೆ ಎಂದಿದ್ದರು. ಅವರು ತುಂಬಿಸಿಟ್ಟರು.

ಅರವತ್ತೆರಡು ವರ್ಷದಲ್ಲಿ ಯಾರ ಮುಂದೆಯೂ ತಪ್ಪಾಯಿತು ಎಂದು ತಲೆ ತಗ್ಗಿಸಿದವರಲ್ಲ ಅವರು. ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವಂತೆಯೂ ಇರಲಿಲ್ಲ. ಅವರಿಗೆ ನಾಚಿಕೆಯಾಯಿತು. ಆದರೂ ಇಂಜಿನಿಯರನ್ನು ಅಲ್ಲೇ ಕೂರಿಸಿ, ಗೇಟಿನ ಬಳಿಗೆ ಹೋಗಿ ಕುಸುಮಳ ಕೈ ಹಿಡಿದುಕೊಂಡರು.

"ತಪ್ಪು ನಂದು ಕಣಮ್ಮ. ಆ ಬಾಟ್ಲಿಗೆ ಕಾಯ್ಸಿದ ನೀರು ತುಂಬ್ಬುಟ್ಟೆ."

ಮೋಹನ್ ಕೈಯಲ್ಲಿದ್ದ ವರದಿಯನ್ನೊಮ್ಮೆ, ಅವರ ಮುಖವನ್ನೊಮ್ಮೆ ನೋಡಿದರು. ಪರೀಕ್ಷೆಗೆ ಕೊಡುವ ನೀರನ್ನು ಯಾರಾದರೂ ಕಾಯಿಸುತ್ತಾರೆಯೇ ಎಂದು ಕೇಳಿದರು.

"ಮತ್ತೆ? ದೊಡ್ಡ ಆಫೀಸಿಗೆ ಹೋಗೋ ನೀರು, ನಾಲ್ಕು ಜನ ನೋಡೋ ನೀರು ಕಣ್ರೀ. ನಲ್ಲೀಲಿ ಬಂದದ್ದನ್ನ ಹಂಗೇ ಕಳಿಸೋಕಾಯ್ತದಾ?"

ವರದಿಗೆ ಸಹಿ ಬಿದ್ದಾಗಿದೆ, ಇನ್ನು ಹೊಸ ಅರ್ಜಿ ಹಾಕಬೇಕು, ಹದಿನೈದು ದಿನವಾದರೂ ಹಿಡಿಯುತ್ತದೆ ಎಂದು ಮೋಹನ್ ಶುರು ಮಾಡಿದರು. ಹದಿನೈದು ದಿನದಲ್ಲಿ ಬೀದಿಯ ಅರ್ಧ ಮಕ್ಕಳು ಲಾಸ್ಯಳ ಪಕ್ಕದ ಮಂಚದಲ್ಲಿ ಮಲಗಿರುತ್ತಾರೆ ಎಂದು ದಾಕ್ಷಾಯಣಮ್ಮ ದನಿ ಏರಿಸದೆಯೇ ಹೇಳಿದರು. ನಿಮ್ಮ ಚೀಲದಲ್ಲಿ ಖಾಲಿ ಬಾಟಲಿ ಇದ್ದೇ ಇರುತ್ತದೆ, ತೆಗೆಯಿರಿ ಎಂದರು. ಶಾಲೆಯಲ್ಲಿ ಮೇಷ್ಟರು ಕರೆದಾಗ ಎದ್ದು ನಿಂತ ಹಾಗೆ ಮೋಹನ್ ಎದ್ದು ನಿಂತು ಬಾಟಲಿ ತೆಗೆದುಕೊಟ್ಟರು.

ಅಷ್ಟರಲ್ಲಿ ಅಂಗಳದ ನಲ್ಲಿ ಬುಸ್ಸೆಂದು ಗಾಳಿ ಕಾರಿ, ಕೆಮ್ಮಿ, ನೀರು ಬಿಟ್ಟಿತು. ದಿನಾ ಆದರೆ ಮೊದಲ ಐದು ನಿಮಿಷದ ನೀರನ್ನು ದಾಸವಾಳದ ಗಿಡಕ್ಕೆ ಹರಿಯಬಿಟ್ಟು, ಆಮೇಲೆ ಬಿಂದಿಗೆ ಹಿಡಿಯುತ್ತಿದ್ದರು. ಇವತ್ತು ಬಿಡಲಿಲ್ಲ. ಇಂಜಿನಿಯರ್ ಸಾಹೇಬರನ್ನೂ ಕುಸುಮಳನ್ನೂ ಪಕ್ಕದಲ್ಲೇ ನಿಲ್ಲಿಸಿಕೊಂಡು ಬಾಟಲಿಯನ್ನು ನಲ್ಲಿಗೆ ಹಿಡಿದರು. ತಿಳಿಹಳದಿ ನೀರು, ಅದರಲ್ಲಿ ತೇಲುವ ಕಪ್ಪು ಎಳೆ. ವಾಸನೆಗೆ ಮೋಹನ್ ಕರ್ಚೀಫು ತೆಗೆದರು. ದಾಕ್ಷಾಯಣಮ್ಮ ಮೂಗು ಮುಚ್ಚಿಕೊಳ್ಳಲಿಲ್ಲ. ಬಾಟಲಿಯ ಮುಚ್ಚಳ ಬಿಗಿ ಮಾಡಿ ಮೋಹನ್ ಕೈಗಿಟ್ಟರು.

ಇದನ್ನು ಇವತ್ತೇ ಪ್ರಯೋಗಾಲಯಕ್ಕೆ ಮುಟ್ಟಿಸುತ್ತೇನೆ, ಸಂಜೆಯೊಳಗೆ ಈ ಬೀದಿಯ ನೀರು ನಿಲ್ಲಿಸಿ ಟ್ಯಾಂಕರ್ ಕಳಿಸುತ್ತೇನೆ ಎಂದರು ಮೋಹನ್. ಈಗ ಅವರ ಮಾತಿನಲ್ಲಿ ಬುದ್ಧಿವಾದ ಇರಲಿಲ್ಲ. ಜೇಬಿನಿಂದ ಪೆನ್ನು ತೆಗೆದು, ಬಾಟಲಿಗೆ ಚೀಟಿ ಅಂಟಿಸಿ, ಹೋದ ಸಲದ ಹಾಗೆ ನಿಮ್ಮ ಹೆಸರನ್ನೇ ಬರೆಯಲೇ ಎಂದು ಕೇಳಿದರು.

"ಹೋದ್ಸಲ ಕೊಟ್ಟಿದ್ದು ನಾನು ಕಾಯ್ಸಿದ ನೀರು, ನನ್ನ ಹೆಸರು ಸರಿಯಾಗೇ ಇತ್ತು," ಎಂದರು ದಾಕ್ಷಾಯಣಮ್ಮ. "ಇದು ನೀವು ನಮಗೆ ಕಳಿಸಿದ ನೀರು. ನಿಮ್ಮ ಹೆಸರು ಬರ್ಕೊಳ್ಳಿ."