ಕುಂಕುಮದ ಜಾಡು

"ಒರೆಸ್ಬೇಡಿ, ಅಂಜನಮ್ಮ!" ನರ್ಸ್ ವೇಣಿ ಆಯಾಳ ಕೈಯಿಂದ ಬಟ್ಟೆ ಕಿತ್ತುಕೊಂಡಳು. ಆಯುಧಪೂಜೆಯೆಂದು ಬೆಳಿಗ್ಗೆ ಅಂಜನಮ್ಮ ಬಿಪಿ ಮಿಷನ್ನಿಗೆ ಕುಂಕುಮ ಮೆತ್ತಿದ್ದಕ್ಕೆ ಬೈದು, ಒರೆಸಲು ಹೇಳಿದ್ದವಳೂ ವೇಣಿಯೇ. ಮಧ್ಯಾಹ್ನದ ಹೊತ್ತಿಗೆ ಆ ಕೆಂಪು ಮೂರನೇ ಬೆಡ್ಡಿನ ಕಂಬಿಗೆ, ನಾಲ್ಕನೆಯದರ ನೀರಿನ ಲೋಟಕ್ಕೆ ಹತ್ತಿತ್ತು. ಪೀಣ್ಯದ ಲೇತ್ ಕೆಲಸಗಾರನೊಬ್ಬನ ಕೈಯ ಹೊಸ ಬ್ಯಾಂಡೇಜಿನ ಮೇಲೂ ಇತ್ತು!

ಮೂರು ವಾರದಿಂದ ವಾರ್ಡಿನಲ್ಲಿ ಒಬ್ಬರಾದ ಮೇಲೊಬ್ಬರ ಗಾಯದಲ್ಲಿ ಕೀವು ತುಂಬುತ್ತಿತ್ತು. ಸೋಂಕು ದಾಟುವ ದಾರಿ ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಸಿಕ್ತು! ಕಾಯಿಲೆ ಹಿಂಗೇ ಓಡಾಡ್ತಿರೋದು ಕಣ್ರೀ!" ವೇಣಿ ಜಾರಿದ ಕನ್ನಡಕವನ್ನು ಬೆರಳಿನಿಂದ ಮೇಲೇರಿಸಿದಳು. "ಯಾರ ಕೈಯಿಂದ ಅಂತ ಇವತ್ತು ಹಿಡಿದೇಬಿಡ್ತೀನಿ!"

ಅಂಜನಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು.

"ಸಿಸ್ಟರ್, ನಿಮ್ ಕನ್ನಡಕದ ಮ್ಯಾಲೂ ಐತೆ."