ಮನೆಗಾಡಿಯ ಸಂಡಾಸ

"ಮೊಣಕಾಲು ಬಾಗಿಲಿಗೆ ಬಡೀತಾವು," ಎಂದು ಶಮಶಾದ ಒಳಗಿನಿಂದಲೇ ಹೇಳಿದಳು.

ಶಫೀಸಾಬ ಹಣೆಯ ಬೆವರು ಒರೆಸಿಕೊಂಡ. ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಆ ಪುಟ್ಟ ಮನೆಗಾಡಿಯನ್ನು ಗೋವಾದ ಕಲಂಗುಟ್‌ನ ಗ್ಯಾರೇಜಿನಲ್ಲಿ ಅವನೇ ವೆಲ್ಡಿಂಗ್ ಮಾಡಿ ನಿಲ್ಲಿಸಿದ್ದ. ಮಂಚ, ಒಲೆ, ಕಿಟಕಿ ಎಲ್ಲ ಕೂತಿದ್ದವು. ಉಳಿದದ್ದು ಸಂಡಾಸ. ಅದಕ್ಕೆ ಕಪಾಟಿನಷ್ಟು ಜಾಗ. ಗಾಡಿಯ ಒಡತಿ, ಎಲ್ಲರೂ ಬಾಯಿ ಎಂದು ಕರೆಯುವ ಒಬ್ಬ ವಿದೇಶಿ ಹೆಂಗಸು, ಎರಡು ಬಗೆಯವನ್ನು ತಂದಿಟ್ಟು ಹೋಗಿದ್ದಳು. ಒಂದು ಕಮೋಡಿನಂಥ ದೊಡ್ಡದು. ಇನ್ನೊಂದು ಪ್ಲಾಸ್ಟಿಕ್ ಪೆಟ್ಟಿಗೆ. ಮೇಲೆ ನೀರು, ಕೆಳಗೆ ತುಂಬಿದಾಗ ಕಳಚಿ ಚೆಲ್ಲುವ ಡಬ್ಬಿ. ಯಾವುದು ಹೊಂದುತ್ತದೋ ನೀನೇ ನೋಡಿ ಕೂರಿಸು, ಸಂಜೆ ಬರುತ್ತೇನೆ, ನಾಳೆ ಹಂಪಿಗೆ ಹೊರಡಬೇಕು ಅಂದಿದ್ದಳು. ಅವಳೂ ಶಮಶಾದಳಷ್ಟೇ ಗಿಡ್ಡ. ಹಾಗಾಗಿ ಬುತ್ತಿ ತಂದ ಹೆಂಡತಿಯನ್ನೇ ಅವನು ಅಳತೆಗೆ ಕೂರಿಸಿದ್ದ.

ದೊಡ್ಡದನ್ನು ಹೊರಗೆಳೆದು ಪೆಟ್ಟಿಗೆ ಇಟ್ಟು ಅವಳನ್ನು ಮತ್ತೆ ಕೂರಿಸಿ ನೋಡಿದ, ಮೊಣಕಾಲು ತಾಗಲಿಲ್ಲ. ಸೋರುತ್ತದೋ ಏನೋ ಎಂದು ನೀರು ತುಂಬಿದ. ಕೆಳಗಿಳಿದ ಮೇಲೆ ಶಮಶಾದ ಗ್ಯಾರೇಜಿನ ಉದ್ದಕ್ಕೂ ಓಡಾಡುತ್ತಲೇ ಇದ್ದಳು. ಸ್ಟೂಲು ಸರಿಸಿದರೆ ಕೂರಲಿಲ್ಲ. ಕುಡಿಯಲು ನೀರು ಕೊಟ್ಟರೆ ಬೇಡವೆಂದಳು.

"ಆರಾಮ ಇಲ್ಲೇನು? ಯಾಕ ಹಿಂಗ ಚಡಪಡಸಾಕತ್ತೀ?"

ಅವಳು ನೆಲ ನೋಡುತ್ತ ಹೇಳಿದಳು. "ಗುಡ್ಡದ ಮಗ್ಗಲ ಗೇರುಗಿಡ ಎಲ್ಲಾ ಕಡದಾರ್ರಿ. ಹೋಟೆಲ್ ಕಟ್ತಾರಂತ. ನಸುಕಿನ್ಯಾಗ ಬಯಲಕಡಿಗೆ ಹೋದ್ರ ಟ್ರಕ್ಕಿನ ಮಂದಿ ನಿಂತಿದ್ರು. ಹೆಣಮಕ್ಕಳೆಲ್ಲ ಚರಿಗಿ ಹಿಡಕೊಂಡು ಹಂಗಽ ಹೊಳ್ಳಿ ಬಂದ್ವಿ."

"ನಸುಕಿನಿಂದ ಹಿಂಗಽ ಅದೀಯೇನು?"

ಅವಳು ಮತ್ತೆ ಓಡಾಡತೊಡಗಿದಳು. ಗೇರುತೋಪು ನೆಲಸಮವಾದದ್ದನ್ನು ಬೆಳಿಗ್ಗೆ ಬರುವಾಗ ಶಫೀಸಾಬನೂ ನೋಡಿದ್ದ, ಏನೂ ಅನಿಸಿರಲಿಲ್ಲ. ಅವನಿಗೆ ಗ್ಯಾರೇಜಿನ ಹಿಂದಿನ ಗೋಡೆ ಇತ್ತು. ಅವನು ರಸ್ತೆ ನೋಡಿದ, ಪೆಟ್ಟಿಗೆ ನೋಡಿದ. ಅದು ಮತ್ತೊಬ್ಬರ ಸಾಮಾನು. ಬಾಯಿ ಬರುವ ಹೊತ್ತೂ ಆಗಿತ್ತು.

"ಒಳಗ ಹೋಗು," ಅಂದ.

"ಅಳತಿ ಆತಲ್ಲ?"

"ಅಳತಿಗಲ್ಲ. ಹೋಗು."

ಶಮಶಾದ ಒಮ್ಮೆ ಅವನ ಮುಖ ನೋಡಿ ಚೆಂಬಿನಲ್ಲಿ ನೀರು ತೆಗೆದುಕೊಂಡು ಹತ್ತಿದಳು. ಬಾಗಿಲು ಎಳೆದುಕೊಂಡವಳು ಒಳಗಿನಿಂದ ಕೇಳಿದಳು, "ಚಿಲಕ ಎಲ್ಲೈತ್ರಿ?"

"ಇನ್ನೂ ಹಚ್ಚಿಲ್ಲ. ನಾ ಹಿಡಕೊಂಡಿರ್ತೀನಿ," ಎಂದು ಅವನೂ ಗಾಡಿ ಹತ್ತಿದ.

ಅಷ್ಟರಲ್ಲಿ ಬಾಯಿಯ ಅಂಬಾಸಡರ್ ಕಾರು ಬಂದು ನಿಂತಿತು. ಅವಳು ನಗುತ್ತ ಇಳಿದವಳೇ ಸೀದಾ ಗಾಡಿಯೊಳಕ್ಕೆ ಬಂದು, ಸಂಡಾಸದ ಬಾಗಿಲಿಗೆ ಕೈ ಚಾಚಿದಳು. ಶಫೀಸಾಬ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ತನ್ನ ಒರಟು ಹಿಂದಿಯಲ್ಲಿ, ತುಸು ತಡೆಯಿರಿ, ಒಳಗೆ ಹೆಂಗಸರಿದ್ದಾರೆ ಎಂದ.

ಮದುವೆಯಾಗಿ ಇಷ್ಟು ವರ್ಷವಾದರೂ ಆ ಮಾತು ಹೇಳಲು ಅವನಿಗೆ ಸಂಡಾಸದ ಬಾಗಿಲೊಂದು ಸಿಕ್ಕಿರಲಿಲ್ಲ.